ಮಂದ್ರದ ದನಿಗಳು: ಸರ್ಪೆಂಟ್, ಓಫಿಕ್ಲೈಡ್ ಮತ್ತು ಕೇಳುವ ಕಿವಿ

(ಉಪನ್ಯಾಸದ ಬರಹರೂಪ)



ಬೆರ್ಲಿಯೋಜ್‌ನ ‘ಸಿಂಫನಿ ಫಂಟಾಸ್ಟಿಕ್’ ಮೊದಲ ಬಾರಿಗೆ ನುಡಿದದ್ದು 1830ರ ಡಿಸೆಂಬರಿನಲ್ಲಿ, ಪ್ಯಾರಿಸಿನಲ್ಲಿ. ಆ ಕೃತಿಯ ಕೊನೆಯ ಭಾಗದಲ್ಲಿ ಚರ್ಚಿನ ಗಂಟೆಗಳು ಮೊಳಗುತ್ತವೆ. ಅದರ ಬೆನ್ನಿಗೇ, ಸತ್ತವರಿಗಾಗಿ ಹಾಡುವ ಹಳೆಯ ಲ್ಯಾಟಿನ್ ಸ್ತೋತ್ರ ‘ದಿಯೆಸ್ ಇರೇ’ಯ ಧಾಟಿ ನೆಲದಡಿಯಿಂದ ಎದ್ದು ಬಂದಂತೆ ಕೇಳಿಸುತ್ತದೆ. ಇಂದಿನ ಬಹುಪಾಲು ವಾದ್ಯಮೇಳಗಳಲ್ಲಿ ಈ ಧಾಟಿಯ ಮುಖ್ಯ ಹೊರೆ ಟ್ಯೂಬಾದ್ದು. ಆದರೆ ಬೆರ್ಲಿಯೋಜ್ ಅದನ್ನು ಟ್ಯೂಬಾಕ್ಕಾಗಿ ಬರೆದಿರಲಿಲ್ಲ. ಆಗ ಟ್ಯೂಬಾ ಹುಟ್ಟಿಯೇ ಇರಲಿಲ್ಲ. ಅವನು ಬರೆದದ್ದು ಸರ್ಪೆಂಟ್ ಮತ್ತು ಓಫಿಕ್ಲೈಡ್ ಎಂಬ ಎರಡು ಮಂದ್ರವಾದ್ಯಗಳಿಗೆ.

ಆ ಮೂಲ ದನಿಯನ್ನು ಇಂದೂ ಕೇಳಬಹುದು. ಜಾನ್ ಎಲಿಯಟ್ ಗಾರ್ಡಿನರ್ ನಿರ್ದೇಶನದ ವಾದ್ಯಮೇಳ 1991ರಲ್ಲಿ, ಕೃತಿ ಮೊದಲು ನುಡಿದ ಪ್ಯಾರಿಸಿನ ಅದೇ ಹಳೆಯ ಸಭಾಂಗಣದಲ್ಲಿ, ಬೆರ್ಲಿಯೋಜ್‌ನ ಕಾಲದ ಬಗೆಯ ವಾದ್ಯಗಳನ್ನು ಬಳಸಿ ಅದನ್ನು ನುಡಿಸಿತು. ಟ್ಯೂಬಾದ ದನಿ ದುಂಡಗೆ, ತುಂಬಿ, ನುಣುಪಾಗಿರುತ್ತದೆ. ಇಲ್ಲಿ ಕೇಳುವ ದನಿ ಒರಟು. ಗಂಟಲು ಕಟ್ಟಿದ ಮುದುಕರು ಒಟ್ಟಾಗಿ ಹಾಡಿದಂತೆ ಪ್ರತಿ ಸ್ವರಕ್ಕೂ ಬೇರೆ ಬೇರೆ ಕರಕರಿಕೆ. ಮಾಟಗಾತಿಯರ ಕೂಟದಲ್ಲಿ ಪವಿತ್ರ ಸ್ತೋತ್ರವೊಂದನ್ನು ಅಣಕಿಸುವ ಪ್ರಸಂಗವದು. ಟ್ಯೂಬಾ ಅಲ್ಲಿ ಗಂಭೀರವಾಗುತ್ತದೆ. ಹಳೆಯ ವಾದ್ಯಗಳು ಅಣಕಿಸುತ್ತವೆ.

ವಾದ್ಯಗಳ ಚರಿತ್ರೆಯನ್ನು ಸಾಮಾನ್ಯವಾಗಿ ಸುಧಾರಣೆಯ ಕಥೆಯಾಗಿ ಹೇಳುವುದು ರೂಢಿ. ಕೆಟ್ಟದ್ದು ಹೋಯಿತು, ಒಳ್ಳೆಯದು ಬಂದಿತು ಎಂಬುದು ಅದರ ಸಾರಾಂಶ. ಆ ಕಥೆ ಪೂರ್ತಿ ಸುಳ್ಳಲ್ಲ. ಆದರೆ ಯಾವ ದನಿ ಸುಂದರ, ಯಾವುದು ಕುರೂಪ ಎಂದು ತೀರ್ಮಾನಿಸಿದವರು ಯಾರು? ತೀರ್ಮಾನದ ನಂತರ ಆ ವಾದ್ಯವನ್ನು ಊದುತ್ತಿದ್ದವರು ಏನಾದರು? ಈ ಪ್ರಶ್ನೆಗಳನ್ನು ಆ ಕಥೆ ಕೇಳುವುದಿಲ್ಲ.

ಸರ್ಪೆಂಟ್ ಸುಮಾರು 1590ರಲ್ಲಿ, ಫ್ರಾನ್ಸಿನ ಓಸೇರ್ ಪಟ್ಟಣದ ಎದ್ಮೆ ಗಿಯೋಮ್ ಎಂಬ ಪಾದ್ರಿಯ ಕೈಯಲ್ಲಿ ಹುಟ್ಟಿತೆಂಬುದು ಪರಂಪರೆಯಿಂದ ಬಂದ ಮಾತು. ಹಿತ್ತಾಳೆ ವಾದ್ಯಗಳ ಬಳಗಕ್ಕೆ ಸೇರಿದ ಇದರ ಒಡಲು ಹಿತ್ತಾಳೆಯದಲ್ಲ, ಅಕ್ರೋಟ್ ಮರದ್ದು. ಬಳಗವನ್ನು ನಿರ್ಧರಿಸುವುದು ಲೋಹವಲ್ಲ, ಊದುವ ತುದಿಗೆ ಒತ್ತಿದ ತುಟಿಗಳ ಕಂಪನ. ಆ ಲೆಕ್ಕದಲ್ಲಿ ನಮ್ಮ ಕಹಳೆ, ಕೊಂಬು, ಶಂಖಗಳೂ ಇದರ ದಾಯಾದಿಗಳೇ. ಸುಮಾರು 8 ಅಡಿ ಉದ್ದದ ಕೊಳವೆಯನ್ನು ಹಾವಿನಂತೆ ಬಳುಕಿಸಿ, ಎರಡು ಹೋಳುಗಳಾಗಿ ಕೊರೆದು, ಅಂಟಿಸಿ, ಮೇಲೆ ಚರ್ಮ ಹೊದಿಸುತ್ತಿದ್ದರು. ಅದಕ್ಕೆ ಆರು ರಂಧ್ರಗಳು. ಅವು ಇರಬೇಕಾದದ್ದು ಧ್ವನಿಶಾಸ್ತ್ರ ಹೇಳುವ ಜಾಗದಲ್ಲಿ. ಇರುವುದು ಬೆರಳಿಗೆ ಎಟಕುವ ಜಾಗದಲ್ಲಿ.

ಹೀಗಾಗಿ ಸ್ವರ ಎಲ್ಲಿ ನಿಲ್ಲಬೇಕೆಂಬುದನ್ನು ಈ ವಾದ್ಯ ತಾನಾಗಿ ಹೇಳುವುದಿಲ್ಲ. ವಾದಕ ಅದನ್ನು ಮೊದಲು ಕಿವಿಯಲ್ಲಿ ಕೇಳಿಕೊಂಡು, ನಂತರ ತುಟಿಯಲ್ಲಿ ಹುಡುಕಬೇಕು. ಹಾಡುಗಾರ ಸ್ವರವನ್ನು ಹಿಡಿಯುವುದೂ ಹೀಗೆಯೇ. ಚರ್ಚಿನ ಹಾಡುಗಾರರ ಬೆನ್ನಿಗೆ ಸರ್ಪೆಂಟನ್ನು ನಿಲ್ಲಿಸಿದ್ದರ ಗುಟ್ಟು ಇದು. ಮೆಲ್ಲಗೆ ಊದಿದಾಗ ಅದು ಮನುಷ್ಯರ ದನಿಯೊಳಗೆ ಕರಗಿಹೋಗುತ್ತದೆ. ಅದು ಇದೆಯೆಂದು ತಿಳಿಯುವುದು ನಿಲ್ಲಿಸಿದಾಗ, ಹಾಡಿನ ಕೆಳಗಿನ ನೆಲ ಕುಸಿದಂತಾದಾಗ.

ಇಂಗ್ಲೆಂಡಿನಲ್ಲಿ ಸರ್ಪೆಂಟ್ ಹಳ್ಳಿಗಳ ಚರ್ಚುಗಳನ್ನೂ ಸೇರಿತು. ಅಲ್ಲಿ ಕೂಲಿಗಳು, ಚಮ್ಮಾರರು, ಬಡಗಿಗಳು ಸೇರಿದ ಸಣ್ಣ ವಾದ್ಯತಂಡಗಳು ಭಾನುವಾರದ ಹಾಡಿಗೆ ಜೊತೆಯಾಗುತ್ತಿದ್ದವು. 19ನೆಯ ಶತಮಾನದಲ್ಲಿ ಚರ್ಚಿನ ‘ಸುಧಾರಣೆ’ ಬಂದಾಗ ಈ ತಂಡಗಳನ್ನು ಇಳಿಸಿ, ಒಬ್ಬರೇ ನುಡಿಸಬಲ್ಲ ಆರ್ಗನ್ ಅಥವಾ ಹಾರ್ಮೋನಿಯಂ ತಂದರು. ಥಾಮಸ್ ಹಾರ್ಡಿಯ 1872ರ ಕಾದಂಬರಿ ‘ಅಂಡರ್ ದ ಗ್ರೀನ್‌ವುಡ್ ಟ್ರೀ’ ಇಂಥದೇ ಒಂದು ತಂಡದ ಕೊನೆಗಾಲದ ಕಥೆ. ಹಾರ್ಡಿಯ ತಂದೆ, ತಾತ ಇಬ್ಬರೂ ಇಂಥ ತಂಡದಲ್ಲಿ ನುಡಿಸಿದವರು. ಸರ್ಪೆಂಟಿನ ಕರ್ಕಶತೆಯನ್ನು ಗೇಲಿ ಮಾಡುವ ಮಾತುಗಳು ಬೇಕಾದಷ್ಟು ಸಿಗುತ್ತವೆ. ಆದರೆ ದಿನವಿಡೀ ದುಡಿದು ಸಂಜೆ ಅಭ್ಯಾಸ ಮಾಡಿದವನ ಅಪಸ್ವರಕ್ಕೆ ವಾದ್ಯವೊಂದೇ ಕಾರಣವಲ್ಲ ಎಂಬ ಮಾತು ಅಷ್ಟಾಗಿ ಸಿಗುವುದಿಲ್ಲ.

ಓಫಿಕ್ಲೈಡ್ ಸರ್ಪೆಂಟಿನ ಲೋಹದ ವಾರಸುದಾರ. ಹೆಸರಿನ ಅರ್ಥವೂ ಅದೇ: ಗ್ರೀಕಿನಲ್ಲಿ ಓಫಿಸ್ ಎಂದರೆ ಹಾವು, ಕ್ಲೈಸ್ ಎಂದರೆ ಕೀಲಿ. ಅಲಾರಿ ಎಂದು ಹೆಸರಾದ ಪ್ಯಾರಿಸಿನ ಝಾಂ ಇಲೇರ್ ಆಸ್ತೆ ಇದನ್ನು 1817ರಲ್ಲಿ ರೂಪಿಸಿ, 1821ರಲ್ಲಿ ಪೇಟೆಂಟ್ ಪಡೆದ. ಬೆರಳು ಎಟಕದ ಕಡೆಯೂ ದೊಡ್ಡ ರಂಧ್ರ ಕೊರೆದು ಅದಕ್ಕೆ ಕೀಲಿ ಕೂಡಿಸಿದರೆ ಸ್ವರ ಸರಿಯಾದ ಜಾಗದಲ್ಲೇ ನಿಲ್ಲುತ್ತದೆ ಎಂಬುದು ಅದರ ಯುಕ್ತಿ. ನೋಡಲು ಸ್ಯಾಕ್ಸೊಫೋನಿನ ಅಣ್ಣನಂತಿದೆ. ಅಡಾಲ್ಫ್ ಸ್ಯಾಕ್ಸ್ ಓಫಿಕ್ಲೈಡಿನ ಮೇಲೆ ಪ್ರಯೋಗ ಮಾಡುತ್ತಲೇ ತನ್ನ ವಾದ್ಯವನ್ನು ಕಂಡುಕೊಂಡಿರಬೇಕೆಂದು ಅನೇಕ ವಿದ್ವಾಂಸರ ಊಹೆ.

ಓಫಿಕ್ಲೈಡನ್ನು ಕೇಳುವಾಗ ಒಂದು ಸಂಗತಿ ಗಮನದಲ್ಲಿರಬೇಕು. ಟ್ಯೂಬಾದಲ್ಲಿ ಎಲ್ಲ ಸ್ವರಗಳೂ ಅಗಲ ಬಾಯಿಯೊಂದರಿಂದಲೇ ಹೊರಬರುತ್ತವೆ; ವಾಲ್ವ್ ಒತ್ತಿದರೆ ಕೊಳವೆ ಉದ್ದವಾಗುತ್ತದೆ, ಅಷ್ಟೆ. ಆದ್ದರಿಂದ ಸ್ವರಗಳು ಒಂದೇ ಮನೆಯ ಮಕ್ಕಳಂತೆ ಇರುತ್ತವೆ. ಓಫಿಕ್ಲೈಡಿನಲ್ಲಿ ತೆರೆದ ರಂಧ್ರ ಬದಲಾದಂತೆ ಸ್ವರ ಹೊರಬೀಳುವ ಜಾಗವೂ ಬದಲಾಗುತ್ತದೆ. ಒಂದು ಸ್ವರ ಬೆಳಕಿನಲ್ಲಿದ್ದರೆ ಪಕ್ಕದ್ದು ನೆರಳಿನಲ್ಲಿರುತ್ತದೆ. ಈ ಅಸಮತೆಯನ್ನು ದೋಷವೆಂದು ಕಂಡವರಿದ್ದರು. ಆದರೆ ನುರಿತ ವಾದಕ ಅದನ್ನೇ ಮಾತಿನ ಏರಿಳಿತದಂತೆ ಬಳಸುತ್ತಿದ್ದ.

ಅಂಥ ನುರಿತವರಲ್ಲಿ ಒಬ್ಬ ಸ್ಯಾಮ್ ಹ್ಯೂಸ್. ಅವನ ಹೆಸರು ವೇಲ್ಸಿನ ಮರ್ಥರ್ ಟಿಡ್‌ವಿಲ್ ಎಂಬ ಕಬ್ಬಿಣದ ಊರಿಗೆ ಅಂಟಿಕೊಂಡಿದೆ. 1831ರಲ್ಲಿ ಅಲ್ಲಿನ ಕಾರ್ಮಿಕರು ಕೂಲಿ ಕಡಿತ ಮತ್ತು ಸಾಲದ ಜಪ್ತಿಯ ವಿರುದ್ಧ ಕೆಂಪು ಬಾವುಟ ಹಿಡಿದು ದಂಗೆಯೆದ್ದಿದ್ದರು. ಸೈನಿಕರ ಗುಂಡಿಗೆ ಹಲವರು ಬಲಿಯಾದರು. ಡಿಕ್ ಪೆಂಡೆರಿನ್ ಎಂಬ ತರುಣ ಕಾರ್ಮಿಕನನ್ನು ಗಲ್ಲಿಗೇರಿಸಲಾಯಿತು. ಏಳು ವರ್ಷಗಳ ನಂತರ, 1838ರಲ್ಲಿ, ಅದೇ ಊರಿನ ಕಬ್ಬಿಣದ ದೊರೆಗಳಾದ ಕ್ರಾಶೇ ಮನೆತನದ ಕುಡಿಯೊಬ್ಬ ಕವಾರ್ಥ್ವಾ ಬ್ಯಾಂಡನ್ನು ಸ್ಥಾಪಿಸಿದ. ಆ ಬ್ಯಾಂಡಿನಲ್ಲಿ ಹ್ಯೂಸ್ ಓಫಿಕ್ಲೈಡ್ ಊದಿದ.

ಈ ಬ್ಯಾಂಡನ್ನು ಮಾಲೀಕನ ಔದಾರ್ಯವೆಂದು ಮಾತ್ರ ಓದಬಹುದು. ಅಸಮಾಧಾನವನ್ನು ತಣಿಸುವ ಹಂಚಿಕೆಯೆಂದೂ ಓದಬಹುದು. ಎರಡರಲ್ಲೂ ಊದಿದವರು ಕಾಣೆಯಾಗುತ್ತಾರೆ. ಬ್ಯಾಂಡಿನ ಕೈಬರಹದ ಸ್ವರಪುಸ್ತಕಗಳು ಇಂದಿಗೂ ಉಳಿದಿವೆ. ಅವುಗಳ ಓಫಿಕ್ಲೈಡ್ ಪಾಲಿನಲ್ಲಿ ಬರಿಯ ಆಧಾರಸ್ವರವಿಲ್ಲ; ಚುರುಕಾಗಿ ಓಡುವ, ಕಠಿಣವಾದ ಸಾಲುಗಳಿವೆ. ಕಬ್ಬಿಣದ ಹೊಗೆಯ ಊರಿನಲ್ಲಿ ಯೂರೋಪಿನ ಆಪೆರಾ ಸಂಗೀತವನ್ನು ಆ ಮಟ್ಟದಲ್ಲಿ ನುಡಿಸುವವರಿದ್ದರು ಎಂಬುದಕ್ಕೆ ಅವೇ ಸಾಕ್ಷಿ. ಹ್ಯೂಸ್ ಮುಂದೆ ಲಂಡನ್ನಿನಲ್ಲಿ ಹೆಸರು ಮಾಡಿ, ಸೇನೆಯ ಸಂಗೀತಶಾಲೆಯಲ್ಲಿ ಪಾಠ ಹೇಳಿದ. ಅಷ್ಟರಲ್ಲಿ ಅವನ ವಾದ್ಯಕ್ಕೇ ಬೇಡಿಕೆ ಇಳಿದಿತ್ತು. ಅವನ ಕೊನೆಯ ವರ್ಷಗಳು ಕಷ್ಟದಲ್ಲಿ ಕಳೆದವು. 1898ರಲ್ಲಿ ಅವನು ತೀರಿಕೊಂಡಾಗ ಓಫಿಕ್ಲೈಡ್ ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ಮರೆತುಹೋಗಿತ್ತು.

ಅದರ ಜಾಗಕ್ಕೆ ಬಂದ ಟ್ಯೂಬಾಕ್ಕೆ 1835ರಲ್ಲಿ ಬರ್ಲಿನ್‌ನಲ್ಲಿ ಪೇಟೆಂಟ್ ಪಡೆದವರು ಪ್ರಶ್ಯದ ಸೇನಾ ಸಂಗೀತದ ಮುಖ್ಯಸ್ಥ ವಿಲ್ಹೆಲ್ಮ್ ವೀಪ್ರೆಖ್ಟ್ ಮತ್ತು ವಾದ್ಯತಯಾರಕ ಮೋರಿಟ್ಜ್. ಟ್ಯೂಬಾ ಉತ್ತಮ ವಾದ್ಯ, ಅದನ್ನು ಹಳಿಯಬೇಕಿಲ್ಲ. ಬಯಲಿನಲ್ಲಿ ದೂರದವರೆಗೆ ಕೇಳುತ್ತದೆ, ಕಲಿಸುವುದು ಸುಲಭ. ಕವಾಯತಿನಲ್ಲಿ ಬೇಕಾದದ್ದು ಅಂಥ ಏಕರೂಪದ ದನಿಯೇ. ಕವಾಯತಿನ ಅಗತ್ಯವೇ ಸೌಂದರ್ಯದ ಅಳತೆಗೋಲೂ ಆಗಿಬಿಟ್ಟಾಗ ಮಾತ್ರ ತೊಂದರೆ.

ಯೂರೋಪಿನಲ್ಲಿ ಮುಗಿದ ಕಥೆ ಬ್ರೆಜಿಲ್‌ನಲ್ಲಿ ಮುಂದುವರಿಯಿತು. ಗುಲಾಮಗಿರಿ ಅಲ್ಲಿ ಕಾನೂನಿನಂತೆ ಕೊನೆಗೊಂಡದ್ದು 1888ರಲ್ಲಿ. ಬಿಡುಗಡೆ ಪಡೆದ ಗುಲಾಮ ತಾಯಿಯೊಬ್ಬಳ ಮಗ ಅನಾಕ್ಲೇಟೊ ದೆ ಮೆಡೇರೊಸ್ 1896ರಲ್ಲಿ ರಿಯೊ ದೆ ಜನೈರೊದ ಅಗ್ನಿಶಾಮಕ ದಳದ ಬ್ಯಾಂಡನ್ನು ಕಟ್ಟಿದ. ಅದರಲ್ಲಿದ್ದ ಇರಿನೇವು ದೆ ಅಲ್ಮೇಡ ಓಫಿಕ್ಲೈಡನ್ನು ಶೋರೊ ಎಂಬ ನಗರದ ಜನಪ್ರಿಯ ಸಂಗೀತದೊಳಕ್ಕೆ ತಂದ. ಕೊಳಲು ಮೇಲೆ ಹಾಡುತ್ತಿದ್ದರೆ ಓಫಿಕ್ಲೈಡ್ ಕೆಳಗಿನಿಂದ ಅದಕ್ಕೆ ಎದುರುತ್ತರ ಕೊಡುತ್ತ, ಕೆಣಕುತ್ತ, ಹಾಸ್ಯ ಮಾಡುತ್ತ ಓಡುತ್ತದೆ. 20ನೆಯ ಶತಮಾನದ ಆರಂಭದ ಧ್ವನಿಮುದ್ರಣಗಳಲ್ಲಿ ಅವನೊಡನೆ ಕೊಳಲು ನುಡಿಸಿದ ಹುಡುಗ ಅವನ ಶಿಷ್ಯ ಪಿಶಿಂಗಿನ್ಯ. ಮುಂದೆ ಬ್ರೆಜಿಲ್ ಸಂಗೀತದ ಮಹಾಚೇತನಗಳಲ್ಲೊಬ್ಬನಾದ ಪಿಶಿಂಗಿನ್ಯ 1940ರ ದಶಕದಲ್ಲಿ ಟೆನರ್ ಸ್ಯಾಕ್ಸೊಫೋನಿನಲ್ಲಿ ನುಡಿಸಿದ ಕೆಳಗಿನ ಸಾಲುಗಳಲ್ಲಿ ಗುರುವಿನ ಓಫಿಕ್ಲೈಡೇ ಕೇಳುತ್ತದೆಂದು ಬಲ್ಲವರು ಹೇಳುತ್ತಾರೆ. ವಾದ್ಯ ಹೋಯಿತು, ಅದರ ಮಾತಿನ ಧಾಟಿ ಉಳಿಯಿತು. ನೂರು ವರ್ಷಗಳ ನಂತರ ಎವರ್ಸನ್ ಮೊರಾಯಿಸ್ ಎಂಬ ಬ್ರೆಜಿಲ್ ಕಲಾವಿದರು ಮತ್ತೆ ಓಫಿಕ್ಲೈಡ್ ಹಿಡಿದು ಇರಿನೇವುವಿನ ರಚನೆಗಳನ್ನು ಮುದ್ರಿಸಿದ್ದಾರೆ. ಈ ವಾದ್ಯವನ್ನು ಮೊದಲ ಬಾರಿ ಕೇಳುವವರು ಅಲ್ಲಿಂದಲೇ ಶುರು ಮಾಡಬಹುದು.

ಸೇನಾ ಬ್ಯಾಂಡುಗಳು ವಸಾಹತುಗಳಿಗೂ ಹೋದವು. ಭಾರತದಲ್ಲಿ ಅವುಗಳ ಮಕ್ಕಳು ಮದುವೆಯ ಬ್ಯಾಂಡ್ ಸೆಟ್‌ಗಳು. ಓಫಿಕ್ಲೈಡ್ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಮಾಡುವುದು ಯೂಫೋನಿಯಂ. ಇಂಥ ವಾದ್ಯಗಳ ದೊಡ್ಡ ತಯಾರಿಕಾ ಕೇಂದ್ರ ಉತ್ತರಪ್ರದೇಶದ ಮೀರತ್. ನುಡಿಸುವವರಲ್ಲಿ ಬಹಳ ಮಂದಿ ದಲಿತರು, ಮುಸ್ಲಿಮರು, ಹಿಂದುಳಿದ ಜಾತಿಗಳವರು. ಬಾಯಿಟ್ಟು ಊದುವುದನ್ನು ಎಂಜಲಿಗೂ, ಎಂಜಲನ್ನು ಮೈಲಿಗೆಗೂ ಗಂಟು ಹಾಕಿದ ಸಮಾಜ ಊದುವವರನ್ನು ದಿಬ್ಬಣಕ್ಕೆ ಕರೆಯುತ್ತದೆ, ಪಂಕ್ತಿಗೆ ಕರೆಯುವುದಿಲ್ಲ. ಅವರ ಸಮವಸ್ತ್ರ, ಅವರ ಅಪಸ್ವರ ಸಿನಿಮಾಗಳ ಸಿದ್ಧ ಹಾಸ್ಯ. ಪರದೇಶದ ಸಭಾಂಗಣಗಳಲ್ಲಿ ಸಿಂಫನಿಗೆ ಟಿಕೆಟ್ ಕೊಂಡು ಕೂರುವ ಕನ್ನಡಿಗರ ಕಿವಿಯೂ ಈ ನಗೆಯಲ್ಲಿ ಪಳಗಿದ್ದೇ.

ಕೇಳುವುದನ್ನು ಹೊಸದಾಗಿ ಕಲಿಯಲು ಸಾಧ್ಯವಿದೆ. ಯಾವುದೇ ಸಂಗೀತದಲ್ಲಿ ಒಮ್ಮೆ ಮೇಲಿನ ಸಾಲನ್ನು ಬಿಟ್ಟು, ಕೊನೆಯವರೆಗೂ ಮಂದ್ರದ ಸಾಲನ್ನೊಂದೇ ಹಿಂಬಾಲಿಸಬೇಕು. ಉಸಿರು ಎಲ್ಲಿ ತೆಗೆದುಕೊಂಡರು, ಯಾವ ಸ್ವರಕ್ಕೆ ತುಟಿ ತಡಕಾಡಿತು, ಯಾವಾಗ ಆಧಾರ ಕೊಡುವುದನ್ನು ಬಿಟ್ಟು ತಾವೇ ಮಾತಾಡತೊಡಗಿದರು ಎಂಬುದನ್ನು ಗಮನಿಸಬೇಕು. ಹೀಗೆ ಕೇಳಿದರೆ ಸರ್ಪೆಂಟಿನ ಒರಟುತನ ವಾದ್ಯದ ಕೊರತೆಯಾಗಿ ಕಾಣುವುದಿಲ್ಲ. ಒಬ್ಬ ಮನುಷ್ಯ ಆ ಗಳಿಗೆಯಲ್ಲಿ ಸ್ವರವನ್ನು ಹುಡುಕುತ್ತಿರುವ ಸದ್ದಾಗಿ ಕೇಳುತ್ತದೆ.

ಮುಂದಿನ ಸಲ ಊರಿಗೆ ಹೋದಾಗ ಮದುವೆಯ ದಿಬ್ಬಣವೊಂದು ಎದುರಾದೀತು. ಮುಂದೆ ಟ್ರಂಪೆಟ್ಟಿನವರು ಇರುತ್ತಾರೆ, ಎಲ್ಲರ ಕಣ್ಣೂ ಅವರ ಮೇಲೆ. ಹಿಂದಿನ ಸಾಲಿನಲ್ಲಿ, ಬಿಸಿಲಿಗೆ ಕಾದ ಭಾರದ ಹಿತ್ತಾಳೆಯನ್ನು ಎದೆಗಪ್ಪಿಕೊಂಡು, ನಡೆಯುತ್ತಲೇ ಊದುವ ಒಬ್ಬರಿರುತ್ತಾರೆ. ಹಾಡು ಮುಗಿಯುವವರೆಗೆ ಅವರ ಪಕ್ಕದಲ್ಲಿ ನಡೆದು ಕೇಳಿ. ಮುಗಿದ ಮೇಲೆ ಅವರ ಹೆಸರು ಕೇಳಿ.