ಮೂವತ್ತು ಅಡಿಯ ನಿರೀಕ್ಷೆ

ಚಲಚ್ಚಿತ್ರದ ಸಂಕಲನವೆಂದರೇನೆಂಬುದನ್ನು ತಮಗೆ ವಿವರಿಸುವುದು ಅನವಶ್ಯಕ. ಸೆಕೆಂಡಿಗೆ 24 ಚೌಕಟ್ಟುಗಳು ಓಡುವುದೂ, ಫಿಲ್ಮಿನ ಕಾಲದಲ್ಲಿ ಚಿತ್ರದ ಸುರುಳಿ ಬೇರೆ, ಶಬ್ದದ ಸುರುಳಿ ಬೇರೆಯಾಗಿದ್ದು ಎರಡನ್ನೂ ಮೇಜಿನ ಮೇಲೆ ಜೊತೆಗೂಡಿಸಬೇಕಾಗುತ್ತಿದ್ದುದೂ ತಾವು ಬಲ್ಲ ಸಂಗತಿಗಳೇ. ಆದುದರಿಂದ ನೇರವಾಗಿ ಪುಣೆಗೆ ಹೋಗುವೆನು.

ಅಲ್ಲಿ ಪ್ರಭಾತ ಸ್ಟುಡಿಯೋದ ಆವರಣದಲ್ಲಿ 1960ರಲ್ಲಿ ಸ್ಥಾಪಿತವಾದ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ನಮ್ಮ ಧಾರವಾಡದ ಗಿರೀಶ ಕಾರ್ನಾಡರು 1974-75ರಲ್ಲಿ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿಯವರು ವಿದ್ಯಾರ್ಥಿಯಾಗಿ, ಮುಂದೆ ರಾಷ್ಟ್ರಪ್ರಶಸ್ತಿಗೆ ಪಾತ್ರವಾದ ‘ಅವಶೇಷ್’ ಎಂಬ ಕಿರುಚಿತ್ರವನ್ನು ರಚಿಸಿದುದೂ ಅದೇ ಸುಮಾರಿಗೆ. ಕೆಲ ವರ್ಷಗಳ ತರುವಾಯ ಅದೇ ಸಂಸ್ಥೆಯಲ್ಲಿ ನಮ್ಮೂರ ತರುಣನೊಬ್ಬನ ಡಿಪ್ಲೊಮಾ ಚಿತ್ರವು ಸಂಕಲನಗೊಳ್ಳುತ್ತಿರುವಾಗ ಮೂಲೆಯಲ್ಲೊಂದು ಕುರ್ಚಿ ಹಾಕಿಕೊಂಡು ಕುಳಿತಿರುವ ಭಾಗ್ಯ ನನಗೆ ಲಭಿಸಿತು.

ಕಥೆ ಅಲ್ಪವಾದುದು: ವೃದ್ಧನೊಬ್ಬ ರೈಲು ನಿಲ್ದಾಣದಲ್ಲಿ ಮಗನ ಹಾದಿ ಕಾಯುತ್ತಿದ್ದಾನೆ. ಅವನು ಟಾಂಗಾದಿಂದ ಇಳಿಯುವುದು, ಪ್ಲಾಟ್‌ಫಾರಂ ಟಿಕೇಟು ಕೊಳ್ಳುವುದು, ಕನ್ನಡಕ ಒರೆಸಿಕೊಳ್ಳುವುದು, ಹೀಗೆ ಎಲ್ಲವನ್ನೂ ನಮ್ಮ ಹುಡುಗನು ಅತ್ಯಂತ ಶ್ರಮದಿಂದ ಚಿತ್ರೀಕರಿಸಿದ್ದನು. ಸಂಕಲನ ವಿಭಾಗದ ಸಹಪಾಠಿನಿಯಾದರೋ ನಿರ್ದಾಕ್ಷಿಣ್ಯಳಾಗಿ ಟಾಂಗಾದ ತುಂಡನ್ನೂ ಟಿಕೇಟಿನ ತುಂಡನ್ನೂ ಕತ್ತರಿಸಿ ಬದಿಗೆ ತೂಗುಹಾಕಿ, ಮೊದಲ ಶಾಟಿನಲ್ಲಿಯೇ ಮುದುಕನನ್ನು ಬೆಂಚಿನ ಮೇಲೆ ಕೂಡಿಸಿಬಿಟ್ಟಳು. ನನಗೆ ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರು ನೆನಪಾದರು. ಮಂಜಿ ಖಾನ್, ಬುರ್ಜಿ ಖಾನರಿಂದ ಜೈಪುರ-ಅತ್ರೌಲಿ ಘರಾಣೆಯ ವಿದ್ಯೆಯನ್ನು ಪಡೆದ ಆ ಮಹಾನುಭಾವರು ದೀರ್ಘವಾದ ಆಲಾಪದ ಪೀಠಿಕೆಯಿಲ್ಲದೆ ಬಂದಿಶಿನ ಒಳಹೊಕ್ಕು, ಎರಡನೆಯ ಆವರ್ತನಕ್ಕೇ ರಾಗದ ಗರ್ಭಗುಡಿಯಲ್ಲಿ ನಿಂತಿರುತ್ತಿದ್ದರಲ್ಲವೆ?

ಆದರೆ ಇಷ್ಟೊಂದು ಕತ್ತರಿಸಿದ ಆಕೆಯೇ, ಮುದುಕನು ಏನನ್ನೂ ಮಾಡದೆ ಸುಮ್ಮನೆ ಕುಳಿತ ಶಾಟನ್ನು ಇಪ್ಪತ್ತು ಸೆಕೆಂಡು, ಅಂದರೆ ಪೂರ್ತಿ 30 ಅಡಿ ಫಿಲ್ಮು, ಮುಟ್ಟದೆ ಉಳಿಸಿದಳು. ಹುಡುಗನು ಕಳವಳಗೊಂಡು ಅರ್ಧಕ್ಕಿಳಿಸೆಂದು ಬೇಡಿಕೊಂಡರೂ ಒಪ್ಪಲಿಲ್ಲ. ಅದರ ಕೊನೆಯಲ್ಲಿ ಮುದುಕನು ತಲೆಯೆತ್ತಿ ನೋಡುತ್ತಾನೆ. ವಾಸ್ತವದಲ್ಲಿ ಕ್ಯಾಮೆರಾದ ಹಿಂದಿನಿಂದ ಯಾರೋ ಚಹಾಕ್ಕೆ ಕರೆದುದರಿಂದ ಎತ್ತಿದ ತಲೆ ಅದು! ಆಕೆ ಶಬ್ದದ ಸುರುಳಿಯನ್ನು ಹಿಂದಕ್ಕೆ ಸರಿಸಿ, ರೈಲು ಕಾಣಿಸಿಕೊಳ್ಳುವುದಕ್ಕೆ ಮೊದಲೇ ಅದರ ಸೀಟಿಯನ್ನು ಆ ಮುಖದ ಮೇಲೆ ತಂದಿಟ್ಟಳು. ಒಂದು ಸಲ ಎಂಟು ಚೌಕಟ್ಟು ಆಚೆ ಸರಿಸಿ ನೋಡಿದಳು. ಇನ್ನೊಂದು ಸಲ ನಾಲ್ಕು ಈಚೆ. ಸೆಕೆಂಡಿನ ಆರರಲ್ಲೊಂದು ಭಾಗದಲ್ಲಿ ಏನಾದೀತು ಎನ್ನಬಹುದು. ಸರಿಯಾದ ಜಾಗಕ್ಕೆ ಕೂತೊಡನೆ ಚಹಾದ ಕರೆಗೆ ಎತ್ತಿದ ತಲೆ ವರ್ಷಗಳ ಅಗಲಿಕೆಗೆ ಓಗೊಟ್ಟ ತಲೆಯಾಯಿತು. ಅಭಿನಯವನ್ನು ನಟನೇ ಮಾಡಬೇಕೆಂಬ ನಿಯಮವಿಲ್ಲವೆಂದು ನಾನು ಅಂದಿನಿಂದ ನಂಬಿದವನು.

ಅಯ್ಯೋ, ರೇಡಿಯೋ ಸ್ಟುಡಿಯೋದ ಗಾಜಿನಾಚೆಯಿಂದ ಸಮಯ ಮುಗಿಯಿತೆಂದು ಸನ್ನೆಯಾಗುತ್ತಿದೆ. ಒಂದೇ ಮುಖವು ಪಕ್ಕದ ಶಾಟಿಗೆ ತಕ್ಕಂತೆ ಬೇರೆ ಬೇರೆ ಭಾವ ತೋರುವುದೆಂಬ ರಷ್ಯದ ಕುಲೆಶೋವನ ಪ್ರಯೋಗವನ್ನು ಹೇಳಲಾಗಲಿಲ್ಲ; ಫಿಲ್ಮಿನ ಅಂಚಿನ ಸಂಖ್ಯೆಗಳನ್ನು ಹೊಂದಿಸಿ ಮೂಲ ನೆಗೆಟಿವನ್ನು ಕತ್ತರಿಸುವ ಎದೆ ನಡುಗಿಸುವ ಘಟ್ಟವಂತೂ ಉಳಿದೇಹೋಯಿತು. ಕೊನೆಗೆ ಮಗ ಬಂದನೆ ಎಂದು ಕೇಳುವಿರೇನೋ. ಬಂದಿದ್ದನು, ಮೂರು ಶಾಟುಗಳಲ್ಲಿ. ಆಕೆ ಮೂರನ್ನೂ ತೆಗೆದಳು.