ಸುಲಭ ಇಂಗ್ಲಿಷಿನಲ್ಲಿ ಯಾರ ಕಥೆ?

(ಕಾರ್ಮಿಕರ ರಾತ್ರಿ ಶಾಲೆಯಲ್ಲಿ ಇಂಗ್ಲಿಷ್ ತರಗತಿ ಆರಂಭವಾದ ದಿನ ಮಾಡಿದ ಭಾಷಣ)



ನಮ್ಮ ಪಕ್ಷದವರು ಇಂಗ್ಲಿಷ್ ತರಗತಿ ತೆರೆಯುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗ ಪೇಟೆಯಲ್ಲಿ ಕೆಲವರು ನಕ್ಕರು. ‘ಇಂಗ್ಲಿಷ್ ತೊಲಗಲಿ’ ಎಂದು ಕೂಗಿದವರು ನೀವೇ ಅಲ್ಲವೇ ಎಂದು ಕೇಳಿದರು. ಕೇಳಲಿ, ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಆಮೇಲೆ ಬರುತ್ತೇವೆ. ಮೊದಲು ಒಂದು ಪಾಠದ ಕಥೆ.

ಅಮೆರಿಕದ ಷಿಕಾಗೋ ನಗರದಲ್ಲಿ ಪೈರು ಕೊಯ್ಯುವ ಯಂತ್ರಗಳನ್ನು ಮಾಡುವ ಮೆಕಾರ್ಮಿಕ್ ಕಾರ್ಖಾನೆ ಇತ್ತು. 1886ರ ಮೇ 3ರಂದು ಅದರ ಬಾಗಿಲ ಬಳಿ ಮುಷ್ಕರ ಹೂಡಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮರುದಿನ ಹೇಮಾರ್ಕೆಟ್ಟಿನಲ್ಲಿ ಸಭೆ, ಬಾಂಬು. 1887ರ ನವೆಂಬರಿನಲ್ಲಿ ನಾಲ್ವರಿಗೆ ಗಲ್ಲು. ವರ್ಷವರ್ಷವೂ ಮೇ ದಿನ ಆಚರಿಸುವ ನಮಗೆ ಇದು ಹೊಸದಲ್ಲ. ಆದರೆ ಆ ಕಾರ್ಖಾನೆಯ ಮುಂದಿನ ಕಥೆ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. 1902ರಲ್ಲಿ ಅದು ಬೇರೆ ಕಂಪನಿಗಳೊಡನೆ ಸೇರಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಆಯಿತು. ಅಲ್ಲಿ ದುಡಿಯಲು ಪೋಲೆಂಡ್ ಮುಂತಾದ ಕಡೆಗಳಿಂದ ಬಂದ ಜನಕ್ಕೆ ಇಂಗ್ಲಿಷ್ ಬಾರದು. ಆದುದರಿಂದ ಕಂಪನಿಯೇ ಅವರಿಗಾಗಿ ಸುಲಭ ಪಾಠಗಳನ್ನು ಬರೆಸಿತು. ಮೊದಲ ಪಾಠದ ವಿಷಯ ಏನು ಗೊತ್ತೇ? ಕಾರ್ಖಾನೆಯ ಸೀಟಿ. ಸೀಟಿ ಕೇಳಿದೊಡನೆ ಅವಸರಪಡುವುದು, ಹೊತ್ತಿಗೆ ಸರಿಯಾಗಿ ಒಳಗೆ ಹೋಗುವುದು, ಸೀಟಿಯಾಗುವ ತನಕ ಬುತ್ತಿ ಬಿಚ್ಚದಿರುವುದು, ಮತ್ತೆ ಸೀಟಿಯಾಗುವ ತನಕ ದುಡಿಯುವುದು. ಎಲ್ಲವೂ ಪುಟ್ಟಪುಟ್ಟ ವಾಕ್ಯ, ಹೆಚ್ಚಿನವು ‘ನಾನು’ ಎಂದು ಹೇಳುವ ವಾಕ್ಯ. ಒಂದು ಕಷ್ಟದ ಶಬ್ದವಿಲ್ಲ, ವ್ಯಾಕರಣದಲ್ಲಿ ತಪ್ಪಿಲ್ಲ. ಕೂಲಿ ಎಷ್ಟು ಎಂದು ಕೇಳುವ ವಾಕ್ಯ ಮಾತ್ರ ಅದರಲ್ಲಿ ಇಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಅದೇ ಬಾಗಿಲಲ್ಲಿ ಏನು ನಡೆಯಿತೆಂಬುದೂ ಇಲ್ಲ.

ಮೋಟಾರಿನ ಧಣಿ ಹೆನ್ರಿ ಫೋರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1914ರಲ್ಲಿ ಅವನ ಕಾರ್ಖಾನೆಯಲ್ಲಿ ಇಂಗ್ಲಿಷ್ ಶಾಲೆ ತೆರೆಯಿತು. ಭಾಷೆಯ ಜೊತೆಗೆ ಮನೆ ಹೇಗಿಡಬೇಕು, ಹಣ ಹೇಗೆ ಕೂಡಿಡಬೇಕು, ಒಳ್ಳೆಯ ಅಮೆರಿಕನ್ ಹೇಗಿರುತ್ತಾನೆ ಎಂಬುದೂ ಪಾಠ. ಶಾಲೆ ಮುಗಿಸಿದವರಿಗೆ ಒಂದು ಉತ್ಸವ. ವೇದಿಕೆಯ ಮೇಲೆ ಹಡಗಿನ ದೃಶ್ಯ, ಅದರ ಮುಂದೆ ಒಂದು ಭಾರಿ ಹಂಡೆ. ಕೂಲಿಗಾರರು ತಮ್ಮ ತಮ್ಮ ದೇಶದ ಉಡುಪು ತೊಟ್ಟು ಹಡಗಿನಿಂದ ಇಳಿದು ಹಂಡೆಯೊಳಗೆ ಹೋಗಬೇಕು. ಅಮೆರಿಕದ ಸೂಟು ತೊಟ್ಟು, ಕೈಯಲ್ಲಿ ಬಾವುಟ ಹಿಡಿದು ಹೊರಗೆ ಬರಬೇಕು! ನಮ್ಮ ಊರಿನ ಕಂಪನಿ ನಾಟಕದವರಿಗೂ ಇಂಥ ಸೀನು ಹೊಳೆದಿರಲಿಲ್ಲ.

ಆದರೆ ಕಲಿಸುವ ಕೆಲಸವನ್ನು ಧಣಿಗಳು ಮಾತ್ರ ಮಾಡಲಿಲ್ಲ. ನ್ಯೂಯಾರ್ಕಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವವರ ಸಂಘ, ಐ.ಎಲ್.ಜಿ.ಡಬ್ಲ್ಯು.ಯು. ಎಂದು ಹೆಸರಾದದ್ದು, 1910ರ ದಶಕದ ಕೊನೆಯಲ್ಲಿ ಸರ್ಕಾರಿ ಶಾಲೆಗಳ ಕಟ್ಟಡಗಳಲ್ಲೇ ಸಂಜೆಯ ತರಗತಿ ನಡೆಸತೊಡಗಿತು. ಬಂದವರಲ್ಲಿ ರಷ್ಯದ ಯಹೂದಿ ಹೆಣ್ಣುಮಕ್ಕಳೂ ಇಟಲಿಯವರೂ ಬಹಳ. ಅಲ್ಲಿಯೂ ಇಂಗ್ಲಿಷೇ ಕಲಿಸಿದರು. ಜೊತೆಗೆ ಕಾರ್ಮಿಕ ಚಳವಳಿಯ ಚರಿತ್ರೆ, ಅರ್ಥಶಾಸ್ತ್ರ, ಸಾಹಿತ್ಯ. ಭಾಷೆ ಒಂದೇ, ಕಲಿಯುವವರೂ ಒಂದೇ ಜಾತಿಯ ಬಡವರು. ಪುಸ್ತಕ ಬರೆಸಿದವರು ಮಾತ್ರ ಬೇರೆ.

ಇನ್ನು ನಮ್ಮ ದೇಶದ ಮಾತು. ಸುಲಭ ಇಂಗ್ಲಿಷಿನ ವಾಚನ ಪುಸ್ತಕಗಳ ಹುಟ್ಟೂರು ಲಂಡನ್ ಎಂದು ಬಹಳ ಜನ ತಿಳಿದಿದ್ದಾರೆ. ಅದರಲ್ಲಿ ಢಾಕಾಕ್ಕೆ ದೊಡ್ಡ ಪಾಲಿದೆ. ಮೈಕೇಲ್ ವೆಸ್ಟ್ ಎಂಬ ಇಂಗ್ಲಿಷ್ ಅಧಿಕಾರಿ ಅಲ್ಲಿನ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥನಾಗಿದ್ದ. ಬಂಗಾಳದ ಹುಡುಗರು ವರ್ಷಗಟ್ಟಲೆ ಇಂಗ್ಲಿಷ್ ಉರುಹೊಡೆದು, ನಡುವೆ ಶಾಲೆ ಬಿಟ್ಟು, ಏನೂ ಕೈಗೆ ಹತ್ತದೆ ಹೋಗುವುದನ್ನು ಅವನು ನೋಡಿದ. 1926ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಇದಕ್ಕೆ ಒಂದು ಹೆಸರಿದೆ: ‘ಸರೆಂಡರ್ ವ್ಯಾಲ್ಯೂ’. ವಿಮೆ ಮಾಡಿಸಿದ ಅಂಗಡಿಯ ಮಿತ್ರರಿಗೆ ಈ ಮಾತು ಚೆನ್ನಾಗಿ ಗೊತ್ತು. ಪಾಲಿಸಿಯ ಕಂತನ್ನು ಕೊನೆತನಕ ಕಟ್ಟಲಾಗದೆ ನಡುವೆ ಬಿಟ್ಟರೆ ಎಷ್ಟು ದುಡ್ಡು ವಾಪಸು ಬರುತ್ತದೆ? ಹಾಗೆಯೇ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಹುಡುಗನಿಗೆ ಎಷ್ಟು ಇಂಗ್ಲಿಷ್ ವಾಪಸು ಬರುತ್ತದೆ? ವೆಸ್ಟ್ ಕಂಡ ಉತ್ತರ: ಬಹುಮಟ್ಟಿಗೆ ಸೊನ್ನೆ.

ಅವನು ಮಾಡಿದ ಉಪಾಯ ಸರಳ. ಮಾತಾಡುವುದನ್ನೂ ಬರೆಯುವುದನ್ನೂ ಹಿಂದಕ್ಕಿಟ್ಟು ಓದುವುದನ್ನು ಮುಂದಿಟ್ಟ. ಅಪರೂಪದ ಶಬ್ದಗಳನ್ನು ತೆಗೆದು ದಿನಬಳಕೆಯವನ್ನು ಇಟ್ಟ. ಹೊಸ ಶಬ್ದ ಬಂದರೆ ಒಂದೇ ಕಡೆ ರಾಶಿ ಬೀಳದೆ, ಹಳೆಯ ಶಬ್ದಗಳ ನಡುವೆ ದೂರದೂರಕ್ಕೆ, ಮತ್ತೆಮತ್ತೆ ಬರುವಂತೆ ಕಥೆ ಹೆಣೆದ. 1953ರಲ್ಲಿ ಅವನು ಹೊರತಂದ ಸುಮಾರು 2000 ಶಬ್ದಗಳ ಪಟ್ಟಿಯನ್ನು ಆಧರಿಸಿ ಆಮೇಲೆ ಎಷ್ಟೋ ಪುಸ್ತಕಗಳು ಹುಟ್ಟಿದವು. ಅವನು ಸಾಮ್ರಾಜ್ಯದ ನೌಕರ, ನಿಜ. ಆದರೂ ನಡುವೆ ಬಿಟ್ಟುಹೋಗುವವನನ್ನು ಲೆಕ್ಕಕ್ಕೆ ತೆಗೆದುಕೊಂಡ ಮನುಷ್ಯ ಎಂಬ ಕಾರಣಕ್ಕೆ ನಾವು ಅವನಿಗೆ ಋಣಿಗಳು. ಈ ತರಗತಿಯಲ್ಲಿಯೂ ಮೂರು ತಿಂಗಳಿಗೇ ಷಿಫ್ಟು ಬದಲಾಗಿ ಬಿಟ್ಟುಹೋಗುವವರು ಇದ್ದೇ ಇರುತ್ತಾರೆ.

ಇನ್ನೊಬ್ಬ ಸಿ. ಕೆ. ಆಗ್ಡೆನ್. ಇವನು 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಎಂದು 850 ಶಬ್ದಗಳ ಪಟ್ಟಿ ಕೊಟ್ಟ. ಕ್ರಿಯೆಯ ಕೆಲಸಕ್ಕೆ ಹದಿನೆಂಟೇ ಶಬ್ದ; ಉಳಿದದ್ದೆಲ್ಲ ಅವುಗಳನ್ನು ಜೋಡಿಸಿ ಹೇಳಬೇಕು. 1943ರ ಸೆಪ್ಟೆಂಬರಿನಲ್ಲಿ, ಬಂಗಾಳದಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿದ್ದ ಹೊತ್ತಿನಲ್ಲಿ, ಚರ್ಚಿಲ್ ಹಾರ್ವರ್ಡಿಗೆ ಹೋಗಿ ಈ ಬೇಸಿಕ್ ಇಂಗ್ಲಿಷನ್ನು ಹೊಗಳಿದರು. ಮುಂದಿನ ಸಾಮ್ರಾಜ್ಯಗಳು ಮನಸ್ಸಿನ ಸಾಮ್ರಾಜ್ಯಗಳೆಂಬ ಅರ್ಥದ ಮಾತನ್ನೂ ಆಡಿದರು. ನೆಲ ಕೈಬಿಡುವ ಕಾಲ ಬಂದಾಗ ಮನಸ್ಸಿನ ಮೇಲೆ ಕಣ್ಣು!

ಆ 850ರ ಪಟ್ಟಿಯನ್ನು ನಾವು ಕೂತು ಓದಿದೆವು. ಓನರ್ ಇದ್ದಾನೆ, ಮ್ಯಾನೇಜರ್ ಇದ್ದಾನೆ, ಸರ್ವೆಂಟ್ ಇದ್ದಾನೆ. ಪ್ರಾಫಿಟ್ ಇದೆ, ಡೆಟ್ ಇದೆ, ಟ್ಯಾಕ್ಸ್ ಇದೆ, ಕಾಟನ್ ಇದೆ, ಮೆಷೀನ್ ಇದೆ. ವೇಜಸ್ ಇಲ್ಲ. ಯೂನಿಯನ್ ಇಲ್ಲ. ಸ್ಟ್ರೈಕ್ ಇಲ್ಲ. ಆಗ್ಡೆನ್ ಬೇಕೆಂದೇ ಬಿಟ್ಟನೆಂದು ನಾವು ಹೇಳುವುದಿಲ್ಲ, ‘ಕೆಲಸ ನಿಲ್ಲಿಸುವುದು’ ಎಂದು ಸುತ್ತಿ ಹೇಳಬಹುದೆಂದು ಅವನ ಶಿಷ್ಯರು ವಾದಿಸಿಯಾರು. ಆದರೆ ಲಾಭಕ್ಕೆ ನೇರವಾದ ಒಂದು ಶಬ್ದ, ಮುಷ್ಕರಕ್ಕೆ ಸುತ್ತುಬಳಸು ದಾರಿ ಎಂಬುದು ನಿಮ್ಮ ಗಮನದಲ್ಲಿರಲಿ.

ರೇಡಿಯೋದ ಕಾಲ ಬಂದಿತು. 1959ರ ಅಕ್ಟೋಬರ್ 19ರಂದು ವಾಯ್ಸ್ ಆಫ್ ಅಮೆರಿಕ ‘ಸ್ಪೆಷಲ್ ಇಂಗ್ಲಿಷ್’ ಎಂಬ ಪ್ರಸಾರವನ್ನು ಆರಂಭಿಸಿತು. ಸುಮಾರು 1500 ಶಬ್ದ, ಚಿಕ್ಕ ವಾಕ್ಯ, ನಿಧಾನದ ಓದು. ಅಮೆರಿಕದ ಚರಿತ್ರೆಯನ್ನು ಮೊದಲಿಂದ ಹೇಳುವ ಮಾಲೆ ಒಂದು, ಓ. ಹೆನ್ರಿ, ಮಾರ್ಕ್ ಟ್ವೇನ್ ಮುಂತಾದವರ ಕಥೆಗಳ ಮಾಲೆ ಒಂದು. ಶೀತಲ ಸಮರದ ಕಾಲ. ಅತ್ತ ಮಾಸ್ಕೋದವರು ಒಳ್ಳೆಯ ಕಾಗದದ ಮೇಲೆ ಅಚ್ಚುಹಾಕಿ, ಕನ್ನಡದಲ್ಲಿಯೂ ಪುಸ್ತಕ ಕಳಿಸುತ್ತಿದ್ದರು, ಬೀಡಿಯ ಕಟ್ಟಿನ ಬೆಲೆಗೆ. ಎರಡೂ ಕಡೆಯವರಿಗೆ ನಮ್ಮ ಮೇಲೆ ಅಪಾರ ಪ್ರೀತಿ! ಹಾಗೆಂದು ಆ ರೇಡಿಯೋವನ್ನು ನಾವು ಹಳಿಯುವುದಿಲ್ಲ. ಮೇಷ್ಟರಿಲ್ಲದ ಊರಿನಲ್ಲಿ ಕೂತು ಅದರಿಂದ ಇಂಗ್ಲಿಷ್ ಕಲಿತವರು ಲೋಕದ ಎಷ್ಟೋ ದೇಶಗಳಲ್ಲಿದ್ದಾರೆ. 2014ರಲ್ಲಿ ಅದರ ಹೆಸರು ‘ಲರ್ನಿಂಗ್ ಇಂಗ್ಲಿಷ್’ ಎಂದಾಯಿತು. 2025ರ ಮಾರ್ಚಿಯಲ್ಲಿ ಅಮೆರಿಕದ ಅಧ್ಯಕ್ಷರು ಒಂದು ಆಜ್ಞೆಗೆ ಸಹಿ ಹಾಕಿದರು. ವಾಯ್ಸ್ ಆಫ್ ಅಮೆರಿಕದ ಸಿಬ್ಬಂದಿಯನ್ನು ರಜೆಯ ಮೇಲೆ ಮನೆಗೆ ಕಳಿಸಿದರು, ಪ್ರಸಾರ ನಿಂತುಹೋಯಿತು. ಅರವತ್ತೈದು ವರ್ಷ ಪಾಠ ಹೇಳಿದ ಬಾಯಿ ಒಂದು ಸಹಿಗೆ ಮುಚ್ಚಿತು. ದುಡ್ಡು ಕೊಡುವವನ ಮರ್ಜಿಯಲ್ಲಿ ನಡೆಯುವ ಶಾಲೆಯ ಹಣೆಬರಹ ಇದು.

ಈಗ ಪೇಟೆಯವರ ಪ್ರಶ್ನೆ. ಡಾಕ್ಟರ್ ಲೋಹಿಯಾ ಇಂಗ್ಲಿಷನ್ನು ಸರ್ಕಾರದಿಂದ, ಕೋರ್ಟಿನಿಂದ ತೆಗೆಯಬೇಕೆಂದರು. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ಅದು ಗೋಡೆಯಾಗಿದೆ ಎಂದರು. ಅವರೇ ಬರ್ಲಿನ್ನಿಗೆ ಹೋಗಿ ಜರ್ಮನ್ ಕಲಿತು ಡಾಕ್ಟರಾದವರು. ‘ಮ್ಯಾನ್‌ಕೈಂಡ್’ ಎಂಬ ಇಂಗ್ಲಿಷ್ ಮಾಸಪತ್ರಿಕೆ ನಡೆಸಿದವರು. ಅವರ ಜಗಳ ಭಾಷೆಯ ಮೇಲಲ್ಲ, ಭಾಷೆಯ ದರ್ಬಾರಿನ ಮೇಲೆ. ಗೋಡೆ ಬೀಳಲೇಬೇಕು, ಅದಕ್ಕೆ ಹೋರಾಡುತ್ತೇವೆ. ಅದು ಬೀಳುವ ತನಕ ಗೋಡೆಯ ಮೇಲೆ ಬರೆದದ್ದನ್ನು ಓದಲು ಬಾರದೆ ಇದ್ದರೆ ಪೆಟ್ಟು ಯಾರಿಗೆ? ನಮ್ಮಲ್ಲೊಬ್ಬ ಕಿರಾಣಿ ಅಂಗಡಿಯವರು ಸಾಲದ ಕಾಗದಕ್ಕೆ ಓದದೆ ರುಜು ಹಾಕಿದರು. ಬಡ್ಡಿಯ ಷರತ್ತು ಎರಡನೆಯ ಪುಟದಲ್ಲಿ ಸಣ್ಣ ಇಂಗ್ಲಿಷಿನಲ್ಲಿತ್ತು. ಅವರು ಇಲ್ಲಿಯೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ, ಹೇಳಲು ಅಪ್ಪಣೆ ಕೊಟ್ಟಿದ್ದಾರೆ.

ಆದರೆ ಈ ಮನೆಯಲ್ಲಿ ಸೀಟಿಯ ಪಾಠ ನಡೆಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಸುಲಭ ಪುಸ್ತಕಗಳನ್ನೂ ಓದೋಣ. ಷೇಕ್ಸ್‌ಪಿಯರನ ಕಥೆ, ಲಿಂಕನ್ನನ ಕಥೆ ಓದಿದರೆ ನಷ್ಟವಿಲ್ಲ. ಜೊತೆಗೆ ನಮ್ಮದೇ ಪುಟಗಳನ್ನು ನಾವೇ ಬರೆಯಬೇಕು. ಹೋದ ವಾರ ಒಂದು ಪುಟ ಬರೆದು ನೋಡಿದೆವು. ವಿಷಯ 1951ರ ಕಾಗೋಡು. ಸಾಗರ ತಾಲೂಕಿನ ಆ ಹಳ್ಳಿಯಲ್ಲಿ ಗೇಣಿಯ ಬತ್ತ ಅಳೆಯುವ ಕೊಳಗದ ಮೇಲೆ ಜಗಳ ಹುಟ್ಟಿದ್ದು, ಗಣಪತಿಯಪ್ಪನವರೂ ಗೋಪಾಲಗೌಡರೂ ರೈತರ ಜೊತೆ ನಿಂತದ್ದು, ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ನಿಮಗೆ ಗೊತ್ತಿದೆ. ಇದನ್ನು ಆಗ್ಡೆನ್ನನ 850ರಲ್ಲೇ ಹೇಳಲಾದೀತೇ ಎಂದು ಪಂಥ ಕಟ್ಟಿದೆವು. ಗೇಣಿದಾರ ಎಂಬುದಕ್ಕೆ ಶಬ್ದ ಸಿಗಲಿಲ್ಲ. ಆದರೆ ಲ್ಯಾಂಡ್ ಇದೆ, ಓನರ್ ಇದ್ದಾನೆ, ಗ್ರೇನ್ ಇದೆ, ರೈಸ್ ಇದೆ, ಅಳೆಯಲು ಮೆಷರ್ ಇದೆ, ಕೊಳಗಕ್ಕೆ ವೆಸಲ್ ಇದೆ. ಪ್ರೊಟೆಸ್ಟ್ ಇದೆ, ಕೊನೆಗೆ ಪ್ರಿಸನ್ನೂ ಇದೆ. ‘ದಿ ಓನರ್ಸ್ ವೆಸಲ್ ವಾಸ್ ಗ್ರೇಟ್, ದಿ ವರ್ಕರ್ಸ್ ಮೀಲ್ ವಾಸ್ ಸ್ಮಾಲ್’ ಎಂದು ಒಬ್ಬ ಸ್ಪಿನ್ನಿಂಗ್ ಖಾತೆಯ ಹುಡುಗ ಬರೆದ. ವೆಸ್ಟ್ ದೊರೆಯೂ ಇದಕ್ಕೆ ಕೆಂಪು ಗೆರೆ ಎಳೆಯುತ್ತಿರಲಿಲ್ಲ.

ಆ ಪುಟ ಹದಿನಾಲ್ಕು ವಾಕ್ಯಗಳದ್ದು. ಪ್ರತಿಗಳನ್ನು ಬಾಗಿಲ ಬಳಿ ಮೇಜಿನ ಮೇಲೆ ಇಟ್ಟಿದ್ದೇವೆ. ಮೊದಲ ಪಾಳಿಯವರಿಗೆ ಸೋಮವಾರ ಮತ್ತು ಗುರುವಾರ ರಾತ್ರಿ ಎಂಟಕ್ಕೆ, ಎರಡನೆಯ ಪಾಳಿಯವರಿಗೆ ಅದೇ ದಿನಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ತರಗತಿ. ಅಂಗಡಿಯವರು ಯಾವ ಹೊತ್ತಿಗಾದರೂ ಬರಬಹುದು. ಒಂದು ನೋಟುಪುಸ್ತಕ, ಒಂದು ಪೆನ್ಸಿಲು ತನ್ನಿ. ಮನೆಯಲ್ಲಿ ಇಂಗ್ಲಿಷಿನ ಕಾಗದ ಯಾವುದಾದರೂ ಬಿದ್ದಿದ್ದರೆ, ಬ್ಯಾಂಕಿನದಾಗಲಿ ಕಾರ್ಖಾನೆಯದಾಗಲಿ, ಅದನ್ನೂ ತನ್ನಿ.