ಮಗುವಿನ ಹೆಸರು ಮತ್ತು ನಮ್ಮ ಹೊಣೆ

(ಶತಮಾನೋತ್ಸವದ ಅಂಗವಾಗಿ ಜರಗಿದ ರಕ್ಷಕರ ಹಾಗೂ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷಗಳಲ್ಲಿ ಈ ಶಾಲೆಯು ಏನನ್ನು ಕಲಿಸಿತೆಂಬುದನ್ನು ಹಿರಿಯರು ಹೇಳಿದ್ದಾರೆ. ನಾವು ಕಚೇರಿಯ ಕಪಾಟಿನಲ್ಲಿರುವ ದಾಖಲಾತಿ ಪುಸ್ತಕಗಳ ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ. ಹಳೆ ವಿದ್ಯಾರ್ಥಿಗಳು ನಮ್ಮಲ್ಲಿಗೆ ಹೆಚ್ಚಾಗಿ ಬರುವುದು ಅವುಗಳಿಗಾಗಿಯೇ. ಕೊಲ್ಲಿ ನಾಡಿನಿಂದ ರಜೆಯಲ್ಲಿ ಬಂದವರು, ಮುಂಬಯಿಯಲ್ಲಿ ನೆಲೆಸಿದವರು, ವಿದೇಶದಲ್ಲಿರುವ ಮಕ್ಕಳ ಪರವಾಗಿ ಬರುವ ವೃದ್ಧ ತಂದೆತಾಯಿಯರು, ಇವರೆಲ್ಲರ ಪ್ರಶ್ನೆಯೂ ಬಹುತೇಕ ಒಂದೇ: "ಟೀಚರೇ, ಪುಸ್ತಕದಲ್ಲಿ ಹೆಸರು ಹೇಗಿದೆ?"

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ನಮ್ಮ ಮಕ್ಕಳ ಹೆಸರುಗಳು ಮೂರು ಲಿಪಿಗಳಲ್ಲಿ ಸಂಚರಿಸುತ್ತಿವೆ. ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಗಳಲ್ಲಿ ಮಲಯಾಳ, ಪಾಸ್‌ಪೋರ್ಟಿನಲ್ಲಿ ಇಂಗ್ಲಿಷ್. ಒಂದರಿಂದ ಇನ್ನೊಂದಕ್ಕೆ ದಾಟುವಾಗ ನಾರಾಯಣನು 'ನಾರಾಯಣನ್' ಆಗುತ್ತಾನೆ. ಶಂಕರನ 'ಶ'ಕಾರಕ್ಕೆ ಒಂದೆಡೆ ಇಂಗ್ಲಿಷಿನ ಒಂದಕ್ಷರ, ಇನ್ನೊಂದೆಡೆ ಎರಡು. ನಮ್ಮ ಕಿವಿಗೆ ಇವೆಲ್ಲ ಒಂದೇ. ಗಣಕಯಂತ್ರಕ್ಕೆ ಬೇರೆ ಬೇರೆ ವ್ಯಕ್ತಿಗಳು.

ಕೆಲವು ವರ್ಷಗಳ ಹಿಂದೆ ನಮ್ಮ ಹಳೆ ವಿದ್ಯಾರ್ಥಿಯೊಬ್ಬರಿಗೆ ಕೊಲ್ಲಿಯಲ್ಲಿ ಒಳ್ಳೆಯ ಉದ್ಯೋಗ ದೊರೆತಿತ್ತು. ಆದರೆ ಅವರ ಎಸ್.ಎಸ್.ಎಲ್.ಸಿ. ಪ್ರಮಾಣಪತ್ರದಲ್ಲಿ ಹೆಸರಿನ ಕೊನೆಗೆ ಒಂದು 'ನ್' ಸೇರಿತ್ತು, ಪಾಸ್‌ಪೋರ್ಟಿನಲ್ಲಿ ಅದಿರಲಿಲ್ಲ. ಮೂಲ ಪುಸ್ತಕವನ್ನು ತೆರೆದು ನೋಡಿದೆವು. ಅವರ ತಂದೆ ಹೇಳಿ ಬರೆಸಿದ ಕನ್ನಡದ ಹೆಸರು ಸರಿಯಾಗಿಯೇ ಇತ್ತು. ಅದನ್ನು ಇಂಗ್ಲಿಷಿಗೆ ಇಳಿಸುವಾಗ ತಪ್ಪಿದ್ದು ನಮ್ಮ ಶಾಲೆಯ ಕೈ. ಶಾಲೆಯ ದೃಢೀಕರಣ, ಎರಡು ಹೆಸರೂ ಒಬ್ಬರದೇ ಎಂಬ ವಿಲೇಜ್ ಕಚೇರಿಯ ಪ್ರಮಾಣಪತ್ರ, ಪರೀಕ್ಷಾ ಭವನಕ್ಕೆ ಅರ್ಜಿ, ಇಷ್ಟೆಲ್ಲ ಆಗುವಷ್ಟರಲ್ಲಿ ಆ ಉದ್ಯೋಗ ಬೇರೊಬ್ಬರ ಪಾಲಾಗಿತ್ತು. ಅವರು ನಮ್ಮನ್ನು ದೂರಲಿಲ್ಲ. "ಹೋಗಲಿ ಟೀಚರೇ" ಎಂದಷ್ಟೇ ಹೇಳಿದರು. ಅವರು ಇಂದು ಈ ಸಭೆಯಲ್ಲಿದ್ದಾರೆ. ಶಾಲೆಯ ಪರವಾಗಿ ಎಲ್ಲರೆದುರು ಅವರ ಕ್ಷಮೆಯನ್ನು ಕೋರುತ್ತೇವೆ.

ರಕ್ಷಕರಲ್ಲಿ ಕೆಲವು ಅರಿಕೆಗಳಿವೆ. ಮಗುವಿನ ಜನನ ಪ್ರಮಾಣಪತ್ರದಲ್ಲಿರುವ ಹೆಸರನ್ನೇ ಮುಂದಿನ ಎಲ್ಲ ದಾಖಲೆಗಳಲ್ಲಿಯೂ ಉಳಿಸಿಕೊಳ್ಳಿ. 2023ರ ಅಕ್ಟೋಬರ್ 1ರಂದು ಹಾಗೂ ಅನಂತರ ಹುಟ್ಟಿದ ಮಕ್ಕಳ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಆಧಾರ ಅದೊಂದೇ. ಒಂದನೆಯ ತರಗತಿಯ ವಯಸ್ಸಿಗೆ ಹೊಂದುವಂತೆ ಅಧ್ಯಾಪಕರೇ ಒಂದು ದಿನಾಂಕವನ್ನು ಬರೆದು ಮುಗಿಸುತ್ತಿದ್ದ ಕಾಲ ಹೋಯಿತು.

ಮನೆತನದ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಮಾತ್ರ ಬರೆಯುವುದು ನಮ್ಮ ರೂಢಿ. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಪೂರ್ಣವಾಗಿ ಬರೆಯಿಸಿ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವ ಸಂದರ್ಶಕರಿಗೆ ನಿರ್ಬಂಧ ವಿಧಿಸಿದ್ದನ್ನು ಹಲವರು ಬಲ್ಲಿರಿ.

ಹತ್ತನೆಯ ತರಗತಿಯ ಮಕ್ಕಳ ವಿವರಗಳನ್ನು ಪರೀಕ್ಷಾ ಭವನಕ್ಕೆ ಕಳುಹಿಸುವ ಮುನ್ನ ನಾವು ತೋರಿಸುವ ಪ್ರತಿಗೆ ಓದದೆ ಸಹಿ ಹಾಕಬೇಡಿ. "ನೀವೇ ನೋಡಿಕೊಳ್ಳಿ ಟೀಚರೇ" ಎಂಬ ವಿಶ್ವಾಸಕ್ಕೆ ನಾವು ಋಣಿಗಳು. ಆದರೆ ನಮ್ಮ ಕಣ್ಣೂ ತಪ್ಪುತ್ತದೆ. ಇಂಗ್ಲಿಷ್ ಬಾರದವರಿಗೆ ಅಕ್ಷರ ಅಕ್ಷರವಾಗಿ ಓದಿ ಹೇಳುತ್ತೇವೆ, ಸಂಕೋಚ ಬೇಡ. ಇಂದು ಒಂದು ನಿಮಿಷದಲ್ಲಿ ತಿದ್ದಬಹುದಾದುದಕ್ಕೆ ಪ್ರಮಾಣಪತ್ರ ಅಚ್ಚಾದ ಮೇಲೆ ತಿಂಗಳುಗಳು ಬೇಕಾದೀತು.

ವಿದೇಶಕ್ಕೆ ಹೊರಡುವವರು ಪ್ರಮಾಣಪತ್ರಗಳ ದೃಢೀಕರಣವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಕೆಲವು ದೇಶಗಳಿಗೆ ಅಪೊಸ್ಟೀಲ್ ಸಾಕು. ಕೆಲವಕ್ಕೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಕೇರಳದಲ್ಲಿ ಈ ಕೆಲಸಕ್ಕೆ ನೋರ್ಕಾ ರೂಟ್ಸ್ ಸಂಸ್ಥೆ ನೆರವಾಗುತ್ತದೆ.

ಕನ್ನಡದ ಹೆಸರಿನಿಂದಲೇ ಈ ತೊಡಕು ಎಂದು ಯಾರೂ ಭಾವಿಸಬಾರದು. ಆ ಹಳೆ ವಿದ್ಯಾರ್ಥಿಯ ಸತ್ಯವನ್ನು ಕಾಪಾಡಿದ್ದು ಕನ್ನಡದಲ್ಲಿ ಬರೆದ ಆ ಒಂದು ಸಾಲೇ. ತೊಡಕಿರುವುದು ನಮ್ಮ ಅಜಾಗ್ರತೆಯಲ್ಲಿ. ಈ ವರ್ಷದಿಂದ ಶಾಲೆಗೆ ಸೇರುವ ಪ್ರತಿ ಮಗುವಿನ ಹೆಸರನ್ನು ಮೂರು ಲಿಪಿಗಳಲ್ಲಿಯೂ ಒಂದೇ ಹಾಳೆಯಲ್ಲಿ ಬರೆದು, ಹೆತ್ತವರಿಗೆ ಓದಿ ಹೇಳಿ, ಸಹಿ ಪಡೆದು, ಒಂದು ಪ್ರತಿಯನ್ನು ಮನೆಗೆ ಕೊಡಲು ನಾವು ಅಧ್ಯಾಪಕರೆಲ್ಲ ನಿಶ್ಚಯಿಸಿದ್ದೇವೆ. ಶತಮಾನೋತ್ಸವದ ನೆನಪಿಗೆ ಇದು ಸಣ್ಣ ಕೆಲಸ. ಆದರೆ ಎಲ್ಲೋ ದೂರದ ಕಚೇರಿಯೊಂದರಲ್ಲಿ ನಮ್ಮ ಮಗುವೊಂದು ತನ್ನ ಹೆಸರನ್ನು ಹೇಳಿ ನಿಶ್ಚಿಂತೆಯಿಂದ ನಿಲ್ಲುವಂತಾದರೆ, ಆ ಹಾಳೆ ಸಾರ್ಥಕವಾಯಿತು.